ಹನ್ನೆರಡರ ನಂತರ ಮನೆ ತೋರಿಸುವುದಿಲ್ಲ

ಮನೆ ಮಾರಿಸುವ, ಮನೆ ಕೊಡಿಸುವ ಕಸುಬಿನಲ್ಲಿ ಮೂವತ್ತೊಂದು ವರ್ಷ ಸವೆಸಿದ ಅವರಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಕ್ರಯಪತ್ರಗಳ ಸಾಕ್ಷಿ ರುಜುವಿಗೆ ಮಾತ್ರ ಬಳಕೆಯಾಗುತ್ತದೆ. ಉಳಿದಂತೆ ಎಲ್ಲರಿಗೂ ಅವರು ಟಾರ್ಚಪ್ಪ. ಕಿಟಕಿಗಳೆಲ್ಲ ತೆರೆದು ಬಿಸಿಲು ತುಂಬಿದ ಮನೆಯೊಳಕ್ಕೂ ಅವರು ಟಾರ್ಚ್ ಹಿಡಿದೇ ಹೋಗುತ್ತಾರೆ. ಸಿಂಕಿನ ಕೆಳಗೆ, ಬೀರುವಿನ ಹಿಂದೆ, ಅಟ್ಟದ ಮೂಲೆಗೆ ಬೆಳಕು ಬಿಟ್ಟು ಇಣುಕುತ್ತಾರೆ. "ಕಳ್ಳರೂ ಇಷ್ಟು ಹುಡುಕಲ್ಲ ಕಣ್ರೀ" ಎಂದು ಒಬ್ಬ ಮನೆಯೊಡತಿ ರೇಗಿದಾಗ, "ಕಳ್ಳರಿಗೆ ಒಳಗಿರೋದು ಸಿಕ್ಕರೆ ಸಾಕಮ್ಮ. ನನ್ನ ಪಾರ್ಟಿಗೆ ಮನೆಯೇ ಬೇಕಲ್ಲ" ಎಂದಿದ್ದರಂತೆ.

ಈ ಅನುಮಾನ ಹುಟ್ಟುಗುಣವಲ್ಲ. ಅವರು ಮೊತ್ತಮೊದಲು ಕೊಡಿಸಿದ ಮನೆಯಲ್ಲಿ, ನೋಡಲು ಹೋದಾಗಲೆಲ್ಲ ಮಾಲೀಕರು ಸಿಹಿನೀರು ಕೊಡುತ್ತಿದ್ದರು. ಕೊಂಡವರು ಸಾಮಾನು ಇಳಿಸಿದ ವಾರಕ್ಕೆ ನಲ್ಲಿಯಲ್ಲಿ ಉಪ್ಪುನೀರು ಬಂತು. ತೊಟ್ಟಿಗೆ ಟ್ಯಾಂಕರ್ ನೀರು ತುಂಬಿಸಿಟ್ಟಿದ್ದನ್ನು ಯಾರೂ ಕೇಳಿರಲಿಲ್ಲ. ಕೇಳಬೇಕಾಗಿದ್ದವರು ತಾವೇ ಎಂಬುದು ಅವರಿಗೆ ಆಗ ಹೊಳೆಯಿತು. ಅಂದಿನಿಂದ ಒಂದು ನೇಮ: ಯಾವ ಮನೆಯನ್ನೇ ಆಗಲಿ ಮೂರು ಹೊತ್ತಿನಲ್ಲಿ ನೋಡಬೇಕು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಇನ್ನೊಮ್ಮೆ. ಮನುಷ್ಯರಂತೆ ಮನೆಗಳೂ ಒಂದೊಂದು ಹೊತ್ತಿನಲ್ಲಿ ಒಂದೊಂದು ಮುಖ ತೋರುತ್ತವೆ ಎಂಬುದು ಅವರ ಸಿದ್ಧಾಂತ.

ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಅವರ ಕಚೇರಿಯಲ್ಲಿ ಎರಡು ಕುರ್ಚಿ, ಒಂದು ಬೆಂಚು, ಚೀಟಿ ಕಟ್ಟಿದ ಕೀಲಿಕೈಗಳ ಒಂದು ಹಲಗೆ. ಅಲ್ಲಿ ಕುಳಿತು ಅವರು ನೂರಾರು ವ್ಯವಹಾರಗಳ ಕಥೆ ಹೇಳಬಲ್ಲರು. ಆದರೆ ಹೇಳುವಾಗ ದನಿ ಮೃದುವಾಗುವುದು ಒಂದೇ ಒಂದು ಮನೆಯ ವಿಷಯಕ್ಕೆ. ಅದರಲ್ಲಿ ಅವರು ಎಲ್ಲರನ್ನೂ ಅನುಮಾನಿಸಿದ್ದರು. ಎಲ್ಲರೂ ಅವರನ್ನು ಅನುಮಾನಿಸಿದ್ದರು.

ಒಂದು ಬೆಳಗ್ಗೆ ಇಬ್ಬರು ಹೆಂಗಸರು ಬಂದು ಆ ಬೆಂಚಿನ ಮೇಲೆ ಕುಳಿತರು. ಒಬ್ಬಳು ಬಟ್ಟೆ ಹೊಲಿಯುವವಳು, ಎಲ್ಲರ ಬಾಯಲ್ಲಿ ಟೈಲರಕ್ಕ. ಇನ್ನೊಬ್ಬರು ಆಕೆಯ ಅತ್ತೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಚೆಕಿಂಗ್ ಕೆಲಸ ಮಾಡಿ ಬಿಟ್ಟವರು. ಟೈಲರಕ್ಕನ ಗಂಡ ದೂರದ ಹಾದಿಯ ಲಾರಿ ಓಡಿಸುವವನು. ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದ. "ನೀವಿಬ್ಬರೂ ಒಪ್ಪಿದ್ದನ್ನ ಬೇಡ ಅನ್ನೋಕೆ ನಂಗೇನು ಹುಚ್ಚಾ" ಎಂದು ಹೇಳಿ ಹೋಗಿದ್ದನಂತೆ.

"ನಾಲ್ಕು ವರ್ಷದಲ್ಲಿ ಮೂರು ಬಾಡಿಗೆ ಮನೆ ಬಿಡಿಸಿದ್ರು ಅಣ್ಣ," ಎಂದಳು ಟೈಲರಕ್ಕ. "ಬಾಡಿಗೆ ತಪ್ಪಿಸಿಲ್ಲ, ಜಗಳ ಆಡಿಲ್ಲ. ಮಿಷನ್ ಸದ್ದು ಆಗುತ್ತೆ ಅಂತ. ಕೆಳಗಿನವರಿಗೆ ತಲೆನೋವು, ಮೇಲಿನವರ ಮಗೂಗೆ ನಿದ್ದೆ ಇಲ್ಲ. ಈಗಿರೋ ಮನೇನೂ ಈ ತಿಂಗಳ ಕೊನೆಗೆ ಬಿಡಬೇಕು. ನಂಗೆ ಚಂದದ ಮನೆ ಬೇಡ. ಮಿಷನ್ ನಿಲ್ಲಿಸು ಅಂತ ಯಾರೂ ಬಾಗಿಲು ತಟ್ಟದಿರೋ ಮನೆ ಬೇಕು."

ಅತ್ತೆ ಅಷ್ಟು ಹೊತ್ತೂ ಕೀಲಿಕೈ ಹಲಗೆಯನ್ನೇ ನೋಡುತ್ತಿದ್ದರು. "ಇಷ್ಟೊಂದು ಕೀಲಿ ನಿಮ್ಮ ಹತ್ರ ಯಾಕಿದೆ? ಮಾರಾಟ ಆಗದ ಮನೆಗಳಾ?" ಎಂದರು.

"ಮಾರೋಕೆ ಕೊಟ್ಟಿರೋವು ಅಮ್ಮಾ."

"ಅದನ್ನೇ ನಾನೂ ಹೇಳಿದ್ದು."

ಅವರಿಗೆ ತೋರಿಸಿದ ಐದನೆಯ ಮನೆ ಕಂಪೌಂಡರದು. ಯಾವುದೋ ಆಸ್ಪತ್ರೆಯಲ್ಲಿ ಔಷಧ ಕೊಡುವ ಕೆಲಸ ಮಾಡಿ ನಿವೃತ್ತರಾದವರು. ಮನೆಯಲ್ಲಿ ಅವರು ಮತ್ತು ಹೆಂಡತಿ ಇಬ್ಬರೇ. ನೆಲಮಟ್ಟದ ಮನೆ, ಬೀದಿಗೆ ತೆರೆದುಕೊಂಡ ಅಗಲವಾದ ಮುಂಗೋಣೆ, ಅದಕ್ಕೊಂದು ದೊಡ್ಡ ಕಿಟಕಿ. ಎಡಗಡೆ ಖಾಲಿ ಸೈಟು. ಬಲಗಡೆ ಮಾತ್ರ ಪಕ್ಕದ ಮನೆಗೂ ಇದಕ್ಕೂ ಒಂದೇ ಗೋಡೆ. ಟೈಲರಕ್ಕ ಕಿಟಕಿಯ ಬಳಿ ನಿಂತು ಕಣ್ಣಲ್ಲೇ ಮೂರು ಮಿಷನ್ ಇಟ್ಟು ನೋಡಿದಳು. ಆಕೆಯ ಮುಖ ಅರಳಿತು. ಟಾರ್ಚಪ್ಪನವರಿಗೆ ಭಯವಾದದ್ದು ಆಗಲೇ. ಕೊಳ್ಳುವವರ ಮುಖ ಅರಳಿದ ಮೇಲೆ ಅವರ ಕಣ್ಣಿಗೆ ಬಿರುಕು ಕಾಣುವುದಿಲ್ಲ.

ಟಾರ್ಚಪ್ಪನವರಿಗೆ ಕಂಡದ್ದು ಬಿರುಕಲ್ಲ, ಬ್ಯಾಂಡೇಜು. ಕುರ್ಚಿಗಳ, ಮೇಜಿನ, ಸ್ಟೂಲಿನ ಒಂದೊಂದು ಕಾಲಿಗೂ ಬಿಳಿಯ ಬ್ಯಾಂಡೇಜು ಸುತ್ತಲಾಗಿತ್ತು, ಮುರಿದ ಕಾಲಿಗೆ ಸುತ್ತಿದಂತೆ ಅಚ್ಚುಕಟ್ಟಾಗಿ. ಬಾಗಿಲಿನ ಚಿಲಕಕ್ಕೆ ಹತ್ತಿ. ಗೋಡೆ ಗಡಿಯಾರ ನಿಂತಿತ್ತು.

"ನೆಲಕ್ಕೆ ಗೀರು ಬೀಳಬಾರದು ಅಂತ," ಎಂದರು ಕಂಪೌಂಡರ್, ಯಾರೂ ಕೇಳುವ ಮೊದಲೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಿತ್ತು ಆ ಉತ್ತರ. ನೆಲವೋ ಹಳೆಯ ಕಲ್ಲು ಚಪ್ಪಡಿ. ಅದರ ಮೇಲೆ ರೋಡ್ ರೋಲರ್ ಓಡಿಸಿದರೂ ಗೀರು ಬೀಳುವಂತಿರಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅವರ ಷರತ್ತು. ಮನೆ ನೋಡುವುದಾದರೆ ಬೆಳಗ್ಗೆ ಹತ್ತರಿಂದ ಹನ್ನೆರಡರೊಳಗೆ. ಹನ್ನೆರಡರ ನಂತರ ತೋರಿಸುವುದಿಲ್ಲ.

"ಮಧ್ಯಾಹ್ನ ಒಂದ್ಸಲ ಬರ್ತೀವಿ ಸಾರ್. ಬಿಸಿಲು ಯಾವ ಕಡೆಯಿಂದ ಬೀಳುತ್ತೆ ನೋಡ್ಬೇಕು," ಎಂದರು ಟಾರ್ಚಪ್ಪ.

"ಬಿಸಿಲು ಎಲ್ಲಾ ಮನೆಗೂ ಆಕಾಶದಿಂದಲೇ ಬೀಳುತ್ತೆ," ಎಂದರು ಕಂಪೌಂಡರ್. "ಮಧ್ಯಾಹ್ನ ನಾನು ಮಲಗ್ತೀನಿ. ಅದು ಅನುಕೂಲ ಆಗಲ್ಲ."

ಮಾರುವ ಕಾರಣ ಕೇಳಿದರೆ, ಮಗಳ ಊರಿಗೆ ಹೋಗುತ್ತೇವೆ ಎಂದರು. ಕಾಗದಪತ್ರಗಳು ಕನ್ನಡಿಯಂತೆ ಸ್ವಚ್ಛವಾಗಿದ್ದವು. ಅದೂ ಟಾರ್ಚಪ್ಪನವರ ಅನುಮಾನವನ್ನು ಹೆಚ್ಚಿಸಿತು.

ಮೂರನೆಯ ದಿನ ಮಧ್ಯಾಹ್ನ ಮೂರೂವರೆಗೆ ಅವರು ಯಾರಿಗೂ ಹೇಳದೆ ಆ ಬೀದಿಗೆ ಹೋದರು. ತಿರುವಿನಲ್ಲಿ, ಇಸ್ತ್ರಿ ಗಾಡಿಯ ಮರೆಯಲ್ಲಿ ನಿಂತು ಮನೆಯನ್ನೇ ನೋಡುತ್ತಿದ್ದರು. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕಂಪೌಂಡರ ಗೇಟು ಸದ್ದಿಲ್ಲದೆ ತೆರೆದುಕೊಂಡಿತು. ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಹೊರಗೆ ಬಂದವರು ಟೈಲರಕ್ಕನ ಅತ್ತೆ.

ದಲ್ಲಾಳಿಯ ಬದುಕಿನಲ್ಲಿ ಇದಕ್ಕಿಂತ ಕಹಿಯಾದ ದೃಶ್ಯವಿಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಪರಸ್ಪರ ತೋರಿಸಬೇಕು, ಆದರೆ ತಾನಿಲ್ಲದೆ ಮಾತಾಡಲು ಬಿಡಬಾರದು. ಬಿಟ್ಟರೆ ಅವರು 'ಡೈರೆಕ್ಟ್' ಆಗುತ್ತಾರೆ, ನಡುವಿನವನು ಹಾಲಿನಿಂದ ನೊಣ ತೆಗೆದಂತೆ ಹೊರಗೆ. ಟಾರ್ಚಪ್ಪ ನೇರವಾಗಿ ಹೋಗಿ ಎದುರು ನಿಂತರು.

"ಓಹೋ, ಅಮ್ಮನೋರು ಡೈರೆಕ್ಟ್ ಆಗಿಬಿಟ್ರಾ?"

ಅತ್ತೆ ಬೆಚ್ಚಿದರು. ಆದರೆ ಅರೆಗಳಿಗೆಯಷ್ಟೇ. "ನೀವು ಇಲ್ಲೇನು ಮಾಡ್ತಿದೀರಿ? ಹನ್ನೆರಡರ ಮೇಲೆ ಯಾರೂ ಬರಬಾರದು ಅಂದ್ರಲ್ಲ? ನಿಮಗೆ ಮಾತ್ರ ಬಾಗಿಲು ತೆಗೀತಾರಾ? ಇಬ್ಬರೂ ಸೇರಿ ನಮ್ಮ ತಲೆ ಮೇಲೆ ಕೈ ಇಡೋಕೆ ಲೆಕ್ಕ ಹಾಕೋ ಹೊತ್ತೇನೋ ಇದು!"

"ನಾನು ಒಳಗೆ ಕಾಲಿಟ್ಟಿಲ್ಲ. ಒಳಗಿಂದ ಬಂದವರು ನೀವು. ಸೆರಗಲ್ಲೇನಿದೆ?"

"ಕನ್ನಡಕದ ಡಬ್ಬಿ. ಮರೆತು ಹೋಗಿದ್ದೆ."

"ಬೇಕಂತ ಮರೆತ್ರಾ?"

"ಹ್ಞೂಂ. ಬೇಕಂತಲೇ." ಅತ್ತೆ ದನಿ ತಗ್ಗಿಸಲಿಲ್ಲ. "ಇಪ್ಪತ್ತೆರಡು ವರ್ಷ ಶರ್ಟು ತಿರುಗಿಸಿ ತಿರುಗಿಸಿ ಒಳಹೊಲಿಗೆ ನೋಡಿದೋಳು ನಾನು. ಇಸ್ತ್ರಿ ಮಾಡಿ ಮುಂದಿಟ್ಟಿದ್ದನ್ನ ನಂಬು ಅಂದ್ರೆ ನಂಬ್ತೀನಾ?"

ಟಾರ್ಚಪ್ಪನವರಿಗೆ ಕೋಪದ ನಡುವೆಯೇ ಒಂದು ಬಗೆಯ ಗೌರವ ಹುಟ್ಟಿತಂತೆ. ಇಬ್ಬರೂ ಇಸ್ತ್ರಿ ಗಾಡಿಯ ಪಕ್ಕದ ಕಟ್ಟೆಯ ಮೇಲೆ, ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತರು. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಒಂದು, ಚಿಲ್ಲರೆ ಎಣಿಸಿಕೊಟ್ಟಂತೆ. ಟಾರ್ಚಪ್ಪ ಬ್ಯಾಂಡೇಜಿನ ಮಾತು ಹೇಳಿದರು. ಅತ್ತೆ, ಕಂಪೌಂಡರ ಹೆಂಡತಿ ತುಟಿಗೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದದ್ದನ್ನು ಹೇಳಿದರು. ಆಕೆ ಮಾತಾಡಿದ್ದೆಲ್ಲ ಪಿಸುದನಿಯಲ್ಲಿ. ಕಾಲಿಗೆ ದಪ್ಪ ಕಾಲುಚೀಲ. ಕಂಪೌಂಡರ್ ಮಲಗಿರಲಿಲ್ಲ, ಕುರ್ಚಿಯಲ್ಲಿ ಕಲ್ಲಿನಂತೆ ಕುಳಿತಿದ್ದರು.

"ಆಮೇಲೆ ನಾನು ಡಬ್ಬಿ ಕೆಳಗೆ ಬೀಳಿಸಿದೆ."

"ಬೇಕಂತ?"

"ಅದು ಮಾತ್ರ ತಾನಾಗೇ ಬಿತ್ತು. ಬಿದ್ದದ್ದೇ ತಡ, ಬಲಗಡೆ ಗೋಡೆಯಿಂದ ದಬ್ ದಬ್ ದಬ್! ಆಯಮ್ಮನ ಮುಖದಲ್ಲಿ ರಕ್ತ ಇರಲಿಲ್ಲ."

ಇಬ್ಬರೂ ಪಕ್ಕದ ಮನೆಯನ್ನು ನೋಡಿದರು. ಮುಚ್ಚಿದ ಕಿಟಕಿಗಳು, ಮೆಟ್ಟಿಲ ಮೇಲೆ ಒಂದು ಜೊತೆ ದೊಡ್ಡ ಚಪ್ಪಲಿ. ಗೋಡೆಯಾಚೆ ಯಾರೋ ಇದ್ದಾರೆ. ಒಂದು ಡಬ್ಬಿಯ ಸದ್ದನ್ನೂ ಸಹಿಸದವರು. ಆ ಗೋಡೆಗೆ ಒರಗಿಸಿ ಮೂರು ಹೊಲಿಗೆ ಮಿಷನ್ ಇಡಲು ಟೈಲರಕ್ಕ ಜಾಗ ಅಳೆದು ಹೋಗಿದ್ದಾಳೆ.

ಮರುದಿನ ಹತ್ತು ಗಂಟೆಗೆ ಟಾರ್ಚಪ್ಪ ಅತ್ತೆ ಸೊಸೆ ಇಬ್ಬರನ್ನೂ ಕರೆದುಕೊಂಡೇ ಹೋದರು. ಕಂಪೌಂಡರ್ ಹೆಚ್ಚು ಹೊತ್ತು ತಡೆಯಲಾರದೆ ನಿಜ ಹೇಳಿಬಿಟ್ಟರು. ಪಕ್ಕದವನು ಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ ರಾತ್ರಿಪಾಳಿಯವನು. ಮಧ್ಯಾಹ್ನ ಹನ್ನೆರಡಕ್ಕೆ ಮಲಗಿದರೆ ಸಂಜೆ ಆರಕ್ಕೆ ಏಳುತ್ತಾನೆ. ಅವನು ಬಂದ ಮೊದಲ ವಾರ ಇವರ ಕೈಯಿಂದ ತಟ್ಟೆ ಬಿತ್ತು, ಅವನು ಗೋಡೆ ಬಡಿದ. ಒಂಬತ್ತು ವರ್ಷವಾಯಿತು.

"ಒಂದ್ಸಲ ಹೋಗಿ ಮಾತಾಡಿದ್ರಾ?" ಎಂದರು ಟಾರ್ಚಪ್ಪ.

"ಗೋಡೆ ಬಡಿಯೋನ ಹತ್ರ ಏನು ಮಾತಾಡೋದು ರೀ? ಆಳು ಆರಡಿ ಇದ್ದಾನೆ."

ಟೈಲರಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಕೊನೆಗೆ, "ನಡೀರಿ ಅತ್ತೆ. ಇದೂ ನಮ್ಮದಲ್ಲ" ಎಂದಳು.

ಯಾವ ದಲ್ಲಾಳಿಯಾದರೂ ಅಲ್ಲಿಗೆ ಆರನೆಯ ಮನೆಯ ಕೀಲಿ ತೆಗೆಯುತ್ತಿದ್ದ. ಟಾರ್ಚಪ್ಪ ತೆಗೆಯಲಿಲ್ಲ. ಕಂಪೌಂಡರ ಮಾತನ್ನೂ ಅವರು ಪೂರ್ತಿ ನಂಬಿರಲಿಲ್ಲ. "ಇವರು ಹೇಳೋದು ಒಂದು ಕಡೆಯ ಮಾತು. ಪಕ್ಕದವನನ್ನ ಕೇಳಿದ್ರೆ ಅವನು ಹೇಳೋದೂ ಬರೀ ಮಾತು; ಇವತ್ತು ಹ್ಞೂಂ ಅಂದು ನಾಳೆ ಬಡಿದ್ರೆ? ಟೈಲರಕ್ಕ, ಮಿಷನ್ ತಗೊಂಡು ಬಾಮ್ಮಾ. ಮಧ್ಯಾಹ್ನ ಎರಡು ಗಂಟೆಗೆ ಇಲ್ಲೇ ಹಾಕಿ ಓಡಿಸೋಣ. ಗೋಡೆ ಏನು ಹೇಳುತ್ತೋ ಕೇಳೋಣ."

ಕಂಪೌಂಡರ್ ಎರಡೂ ಕೈ ಮುಗಿದರು. "ನಾವು ಈ ಮನೇಲಿ ಇನ್ನೂ ಬದುಕಬೇಕು."

"ಮಾರಿ ಹೋಗೋರಿಗೆ ಅದ್ಯಾಕೆ ಭಯ?" ಎಂದರು ಅತ್ತೆ. ಕಂಪೌಂಡರ್ ಮುಗಿದ ಕೈ ಇಳಿಸಿದರು.

ಸಾಮಾನು ಗಾಡಿಯಲ್ಲಿ ಮಿಷನ್ ಬಂತು. ಅದನ್ನು ಬಲಗೋಡೆಗೆ ಒತ್ತಿ ಇಟ್ಟರು. ಎರಡು ಗಂಟೆಗೆ ಟೈಲರಕ್ಕ ಹಳೆಯ ಹೊದಿಕೆಯೊಂದನ್ನು ಸೂಜಿಯ ಕೆಳಗೆ ಹಿಡಿದು ಮೋಟಾರ್ ಒತ್ತಿದಳು. ಒಂಬತ್ತು ವರ್ಷ ಉಸಿರು ಬಿಗಿಹಿಡಿದಿದ್ದ ಕೋಣೆಯಲ್ಲಿ ಆ ಗಡಗಡ ಸದ್ದು ಕಲ್ಲುಗಣಿಯಂತೆ ಕೇಳಿಸಿತು. ಕಂಪೌಂಡರ್ ಬಾಗಿಲಿನ ಹತ್ತಿರ ನಿಂತುಕೊಂಡರು, ಓಡಲು ಅನುಕೂಲವಾಗುವಂತೆ.

ಐದು ನಿಮಿಷ. ಹತ್ತು. ಗೋಡೆ ಸುಮ್ಮನಿತ್ತು.

"ಅವನು ಮನೇಲೇ ಇಲ್ಲ," ಎಂದರು ಅತ್ತೆ. "ಇವರೇ ಕಳಿಸಿರ್ತಾರೆ."

ಟಾರ್ಚಪ್ಪ ಹೊರಗೆ ಹೋಗಿ ನೋಡಿ ಬಂದರು. ಚಪ್ಪಲಿ ಇದೆ, ಬಾಗಿಲಿಗೆ ಹೊರಗಿನಿಂದ ಬೀಗವಿಲ್ಲ.

"ಚಪ್ಪಲಿ ಯಾರು ಬೇಕಾದ್ರೂ ಇಡಬಹುದು."

"ಅಮ್ಮಾ, ನನ್ನ ಹೊಟ್ಟೆಗೆ ಹೊಡೀಬೇಡಿ. ಅನುಮಾನ ಪಡೋದು ನನ್ನ ಕೆಲಸ."

"ನೀವು ಸರಿಯಾಗಿ ಮಾಡಿದ್ರೆ ನಾನ್ಯಾಕೆ ಮಾಡ್ತಿದ್ದೆ?"

ಅರ್ಧ ಗಂಟೆ ದಾಟಿತು. ಹೊದಿಕೆಯ ಮೇಲೆ ಉದ್ದುದ್ದ ಗೆರೆಗಳು ತುಂಬುತ್ತ ಬಂದವು. ಸದ್ದಿಗಿಂತ ಗೋಡೆಯ ಮೌನವೇ ಈಗ ಎಲ್ಲರಿಗೂ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಆಗ ಬಾಬಿನ್ನಿನ ದಾರ ಮುಗಿದು ಟೈಲರಕ್ಕ ಮಿಷನ್ ನಿಲ್ಲಿಸಿದಳು. ಕೋಣೆ ಒಮ್ಮೆಗೇ ಸ್ತಬ್ಧವಾಯಿತು.

ದಬ್! ದಬ್! ದಬ್!

ಅದರ ಬೆನ್ನಿಗೇ ಬಾಗಿಲು ಬಡಿದ ಸದ್ದು. ತೆರೆದರೆ ಆರಡಿಯ ಮನುಷ್ಯ, ಬನಿಯನ್ನು, ಕೆದರಿದ ತಲೆ, ಕೆಂಪು ಕಣ್ಣು. ಟೈಲರಕ್ಕ ಅಭ್ಯಾಸಬಲದಿಂದ ಎದ್ದು ನಿಂತು, "ತಪ್ಪಾಯ್ತಣ್ಣ, ನಿಲ್ಲಿಸಿಬಿಟ್ಟೆ" ಎಂದಳು.

"ಅದೇ, ಯಾಕೆ ನಿಲ್ಲಿಸಿದ್ರಿ?" ಎಂದನು ಪ್ರೆಸ್ಸಿನವನು. "ಎಷ್ಟೋ ವರ್ಷ ಆದ್ಮೇಲೆ ಒಳ್ಳೇ ನಿದ್ದೆ ಹತ್ತಿತ್ತು."

ಅವನು ಆಕಳಿಸುತ್ತ ಹೇಳಿದ: ಹದಿನೆಂಟು ವರ್ಷದಿಂದ ಮುದ್ರಣಯಂತ್ರದ ಪಕ್ಕದಲ್ಲಿ ನಿಂತವನು ಅವನು. ಯಂತ್ರ ಓಡುತ್ತಿದ್ದರೆ ಎಲ್ಲವೂ ಸರಿ. ನಿಂತರೆ ಕಾಗದ ಹರಿದಿದೆ ಎಂದು ಅರ್ಥ, ಮೈ ತಾನಾಗಿ ಎದ್ದು ನಿಲ್ಲುತ್ತದೆ.

"ಮತ್ತೆ ಒಂಬತ್ತು ವರ್ಷ ನಮ್ಮ ಗೋಡೆ ಬಡಿದದ್ದು?" ಎಂದರು ಕಂಪೌಂಡರ್ ತೊದಲುತ್ತ.

"ನೀವು ಬೆಕ್ಕಿನ ಥರ ಓಡಾಡ್ತೀರಿ ಸಾರ್. ಮಾತಿಲ್ಲ, ಕತೆಯಿಲ್ಲ. ಗಂಟೆಗಟ್ಟಲೆ ಏನೂ ಇಲ್ಲದೆ ಇದ್ದಕ್ಕಿದ್ದಂಗೆ ಒಂದು ಲೋಟ ಬೀಳುತ್ತೆ, ಎದೆ ಧಸಕ್ ಅನ್ನುತ್ತೆ. ಕಳ್ಳ ನುಗ್ಗಿದಾನೆ ಅಂತ ಎಷ್ಟು ಸಲ ಬಡಿದಿದೀನೋ. ನಿಜ ಹೇಳ್ತೀನಿ, ಬೇಜಾರಾಗಬೇಡಿ, ಈ ಜನ ಒಳಗೆ ಏನೋ ಬಚ್ಚಿಡ್ತಾರೆ ಅಂತ ನಂಗೆ ಮೊದಲಿಂದ ಅನುಮಾನ."

ಅವನು ಹೋದ ಮೇಲೆ ಅತ್ತೆ ಬಾಗಿಲು ಹಾಕಿದರು. "ಇವರೂ ಅವನೂ ಸೇರಿ ನಾಟಕ ಆಡಿಲ್ಲ ಅಂತ ಏನು ಗ್ಯಾರಂಟಿ? ಇನ್ನೂ ಎರಡು ದಿನ ಓಡಿಸಬೇಕು. ಬೇರೆ ಬೇರೆ ಹೊತ್ತಿಗೆ."

ತಮ್ಮ ಕಸುಬಿನಲ್ಲಿ ತಮ್ಮನ್ನು ಮೀರಿಸಿದವರನ್ನು ಟಾರ್ಚಪ್ಪ ಅಂದು ಮೊದಲ ಬಾರಿಗೆ ಕಂಡರು. ಎರಡು ದಿನ ಮಿಷನ್ ಓಡಿತು. ಮೂರಕ್ಕೆ, ನಾಲ್ಕೂವರೆಗೆ, ಒಮ್ಮೆ ಒಂದೇ ಸಮನೆ ಎರಡು ತಾಸು. ಪ್ರೆಸ್ಸಿನವನ ಗೊರಕೆ ಗೋಡೆ ದಾಟಿ ಬಂದಾಗ ಅತ್ತೆ ಕಿವಿಯಿಟ್ಟು ಕೇಳಿ, "ಇದನ್ನ ಬೇಕಂತ ಮಾಡೋಕಾಗಲ್ಲ" ಎಂದು ಒಪ್ಪಿದರು. ಟೈಲರಕ್ಕ ಟೇಪು ತಂದು ಕಿಟಕಿಯ ಪರದೆಗೆ ಅಳತೆ ತೆಗೆದುಕೊಂಡಳು.

ಮೂರನೆಯ ದಿನ ಮುಂಗಡದ ಮಾತಿಗೆ ಹೋದರೆ, ಕಂಪೌಂಡರ್ ನೆಲದ ಮೇಲೆ ಕುಳಿತು ಕುರ್ಚಿಗಳ ಬ್ಯಾಂಡೇಜು ಬಿಚ್ಚುತ್ತಿದ್ದರು. ರೇಡಿಯೋ ಗಟ್ಟಿಯಾಗಿ ಕೂಗುತ್ತಿತ್ತು.

"ಕ್ಷಮಿಸಿ," ಎಂದರು, ತಲೆಯೆತ್ತದೆ. "ನಾವು ಮಾರ್ತಿಲ್ಲ. ಹೋಗಬೇಕು ಅಂದ್ಕೊಂಡಿದ್ದೇ ಆ ಗೋಡೆಗಾಗಿ. ಈಗ ಆ ತೊಂದರೆ ಇಲ್ಲವಲ್ಲ."

ಟೈಲರಕ್ಕ ಅತ್ತೆಯ ಮುಖ ನೋಡಲಿಲ್ಲ, ಟಾರ್ಚಪ್ಪನವರ ಮುಖವನ್ನೂ ನೋಡಲಿಲ್ಲ. ಮಿಷನ್ನಿನ ಹತ್ತಿರ ಹೋಗಿ, ಅದರ ಬೆಲ್ಟು ಸಡಿಲಿಸಿ, ಸೂಜಿ ಬಿಚ್ಚಿ ಕಾಗದದಲ್ಲಿ ಸುತ್ತತೊಡಗಿದಳು. ತಿಂಗಳ ಕೊನೆಗೆ ಎಂಟು ದಿನ ಉಳಿದಿತ್ತು.

"ನಿಮ್ಮ ಟಾರ್ಚಿಗೆ ಬೆಂಕಿ ಬೀಳ," ಎಂದರು ಅತ್ತೆ. "ಕತ್ತಲಲ್ಲಾದ್ರೂ ಮನೆ ಸಿಗ್ತಿತ್ತು. ಬೆಳಕು ಬಿಟ್ಟು ಬಿಟ್ಟು ಕಳೆದ್ರಿ."

ಟಾರ್ಚಪ್ಪ ಆ ಬೈಗುಳವನ್ನು ಕೇಳಿಸಿಕೊಂಡರೋ ಇಲ್ಲವೋ. ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಕಂಪೌಂಡರ ಹೆಂಡತಿಯನ್ನು ನೋಡುತ್ತಿದ್ದರು. ಇಷ್ಟು ದಿನದಲ್ಲಿ ಆಕೆಯನ್ನು ಯಾರೂ ಏನೂ ಕೇಳಿರಲಿಲ್ಲ. ಆದರೆ ಮೊದಲ ದಿನವೇ ಕಾಗದಪತ್ರ ಓದಿದ್ದ ಟಾರ್ಚಪ್ಪನವರಿಗೆ ಒಂದು ಸಂಗತಿ ತಿಳಿದಿತ್ತು: ಮನೆ ಇದ್ದದ್ದು ಆಕೆಯ ಹೆಸರಿನಲ್ಲಿ, ಆಕೆಯ ತಂದೆ ಕೊಟ್ಟದ್ದು.

"ಅಮ್ಮಾ," ಎಂದರು ಅವರು, "ರುಜು ಹಾಕಬೇಕಾದವರು ನೀವು. ನೀವು ಏನೂ ಹೇಳಲಿಲ್ಲ."

ಆಕೆ ಮೊದಲು ಹೋಗಿ ರೇಡಿಯೋ ಆರಿಸಿದರು. ಆಮೇಲೆ ಮಾತಾಡಿದರು. ಆ ದನಿ ಬೀದಿಯವರೆಗೂ ಕೇಳಿಸುವಷ್ಟು ದೊಡ್ಡದಿತ್ತು. ಅದು ತಮ್ಮದೇ ಎಂದು ಆಕೆಗೂ ಒಂದು ಕ್ಷಣ ನಂಬಿಕೆಯಾಗಲಿಲ್ಲ.

"ಒಂಬತ್ತು ವರ್ಷ ಪಿಸುಗುಟ್ಟಿದೀನಿ ರೀ. ಮಗಳ ಫೋನ್ ಬಂದ್ರೆ ಬಚ್ಚಲಿಗೆ ಹೋಗಿ ನಿಂತು ಮಾತಾಡಿದೀನಿ. ಒಂದ್ಸಲ ಹೋಗಿ ಕೇಳ್ರೀ ಅಂತ ಎಷ್ಟು ಸಲ ಹೇಳ್ದೆ? ಹತ್ತು ಹೆಜ್ಜೆ! ಇವರು ನಾಲ್ಕು ದಿನದಲ್ಲಿ ಕಂಡುಹಿಡಿದಿದ್ದನ್ನ ನೀವು ಒಂಬತ್ತು ವರ್ಷ ಬ್ಯಾಂಡೇಜು ಸುತ್ತಿ ಮುಚ್ಚಿದ್ರಿ. ಗೋಡೆ ಆಚೆಯವನದೇನೂ ತಪ್ಪಿರಲಿಲ್ಲ. ಈಚೆ ನೀವಿದ್ರಿ. ನಾನು ಮಗಳ ಹತ್ರ ಹೋಗೋದು ಹೋಗೋದೇ. ನೀವು ಬರೋದಾದ್ರೆ ಬನ್ನಿ. ಇಲ್ಲಾ ಬಾಡಿಗೆ ಮನೆ ನೋಡ್ಕೊಳ್ಳಿ, ಈ ಟಾರ್ಚಿನೋರೇ ಹುಡುಕಿ ಕೊಡ್ತಾರೆ."

ಕಂಪೌಂಡರ್ ಕೈಯಲ್ಲಿದ್ದ ಬ್ಯಾಂಡೇಜನ್ನು ನಿಧಾನವಾಗಿ ಉಂಡೆ ಸುತ್ತಿದರು. "ನಾನು ಬರ್ತೀನಿ," ಎಂದರು, ಪಿಸುದನಿಯಲ್ಲಿ.

"ಕೇಳಿಸಲಿಲ್ಲ."

"ಬರ್ತೀನಿ ಅಂದೆ!"

ಪತ್ರ ನೋಂದಣಿಯಾದದ್ದು ಅಲ್ಲಿಂದ ಏಳನೆಯ ದಿನ. ಅತ್ತೆ ಪತ್ರದ ಪ್ರತಿಯೊಂದು ಹಾಳೆಯನ್ನೂ ತಿರುಗಿಸಿ ಹಿಂಬದಿಯನ್ನೂ ನೋಡಿದರು; ಅಲ್ಲಿ ಏನೂ ಬರೆದಿರಲಿಲ್ಲ, ಅದಕ್ಕೂ ಕಾರಣ ಕೇಳಿದರು.

ಮನೆ ಹೊಕ್ಕ ವಾರದಲ್ಲಿ ಟಾರ್ಚಪ್ಪ ಆ ಕಡೆ ಹೋಗಿದ್ದಾಗ ಮೂರು ಮಿಷನ್ನುಗಳೂ ಓಡುತ್ತಿದ್ದವು. ಎರಡಕ್ಕೆ ಹೊಸದಾಗಿ ಕೆಲಸದವರು ಬಂದಿದ್ದರು. ಬೀದಿಯ ಕಿಟಕಿಯ ಹೊರಗೆ ಒಬ್ಬ ಹೆಂಗಸು ರವಿಕೆ ಬಟ್ಟೆ ಹಿಡಿದು ನಿಂತು, ಯಾವ ಹೊತ್ತಿಗೆ ಬಂದರೆ ಸಿಗುತ್ತೀರಿ ಎಂದು ಕೇಳುತ್ತಿದ್ದಳು. ಟೈಲರಕ್ಕ ಉತ್ತರಿಸಲು ಬಾಯಿ ತೆರೆದು ಒಂದು ಗಳಿಗೆ ತಡೆದಳು. ಬಾಡಿಗೆ ಮನೆಗಳಲ್ಲಿ ಈ ಪ್ರಶ್ನೆಗೆ ಅವಳ ಬಳಿ ಯಾವಾಗಲೂ ಒಂದು ಉದ್ದದ ಪಟ್ಟಿಯಿರುತ್ತಿತ್ತು: ಕೆಳಗಿನವರು ಎದ್ದ ಮೇಲೆ, ಮೇಲಿನ ಮಗು ಮಲಗುವ ಮೊದಲು, ಮಾಲೀಕರು ಊರಲ್ಲಿಲ್ಲದ ದಿನ.

"ಯಾವಾಗ ಬೇಕಾದ್ರೂ ಬನ್ನಿ," ಎಂದಳು.

ಆ ಮೂರು ಪದ ಕೇಳಿದ್ದು ಮೂವತ್ತೊಂದು ವರ್ಷದ ಸಂಪಾದನೆ ಎಂದು ಟಾರ್ಚಪ್ಪ ಹೇಳುತ್ತಾರೆ. ಅವರು ಸ್ವಲ್ಪ ಹೊತ್ತು ಅಲ್ಲೇ, ಗೇಟಿನ ಹತ್ತಿರ, ಕಾರಣವಿಲ್ಲದೆ ನಿಂತಿದ್ದರು. ಅತ್ತೆ ಹೊರಗೆ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕೆ ನಿಂತಿದೀರಿ? ಈ ಮನೆ ಬಗ್ಗೆ ನಮಗೆ ಹೇಳದೇ ಇರೋದು ಇನ್ನೇನಾದ್ರೂ ಇದೆಯಾ?"

"ಏನೂ ಇಲ್ಲ ಅಮ್ಮಾ. ಸುಮ್ಮನೆ ಬಂದೆ."

"ಸುಮ್ಮನೆ ಯಾರೂ ಬರಲ್ಲ," ಎಂದರು ಅತ್ತೆ. "ಒಳಗೆ ಬನ್ನಿ. ಕೂತು ಹೇಳಿ."